ಗಡಿಯ ಎರಡು ಬದಿ: ಆರೋಗ್ಯ ಯೋಜನೆಯನ್ನು ಅಳೆಯುವ ಬಗೆ

ನಂಜನಾಡಿನ ಆಲೂಗಡ್ಡೆ ಹೊಲದಲ್ಲಿ ಹೊಸ ಗೊಬ್ಬರದ ಗುಣವನ್ನು ಅರಿಯಬೇಕಾದರೆ ಹೊಲವನ್ನು ಸಣ್ಣ ತಾಕುಗಳಾಗಿ ವಿಂಗಡಿಸಿ, ಚೀಟಿ ಎತ್ತಿ, ಕೆಲವಕ್ಕೆ ಗೊಬ್ಬರವಿಕ್ಕಿ ಉಳಿದವನ್ನು ಹಾಗೆಯೇ ಬಿಡಬಹುದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ರೂಪಿಸಿದ ಈ ಕ್ರಮ ಮುಂದೆ ವೈದ್ಯಕೀಯ ಪ್ರಯೋಗಗಳಿಗೂ ಮಾದರಿಯಾಯಿತು. ಚೀಟಿಗೆ ಪಕ್ಷಪಾತವಿಲ್ಲ, ಆದುದರಿಂದ ಇಳುವರಿಯ ಅಂತರಕ್ಕೆ ಗೊಬ್ಬರವೇ ಕಾರಣವೆಂದು ಧೈರ್ಯವಾಗಿ ಹೇಳಬಹುದು.

ಊರುಗಳು ತಾಕುಗಳಲ್ಲ. ಸರ್ಕಾರ ಒಂದು ಯೋಜನೆಯನ್ನು ಇಡೀ ಪ್ರದೇಶಕ್ಕೆ ಒಮ್ಮೆಗೇ ಜಾರಿಗೊಳಿಸಿದಾಗ ಚೀಟಿ ಎತ್ತುವ ಅವಕಾಶವಿರುವುದಿಲ್ಲ. ಹಾಗೆಂದು ಅಳೆಯದೆ ಬಿಟ್ಟರೆ, ಬಡವರ ಹೆಸರಿನಲ್ಲಿ ವೆಚ್ಚವಾದ ಹಣ ಬಡವರ ಜೀವ ಉಳಿಸಿತೇ ಎಂಬುದು ತಿಳಿಯುವುದೇ ಇಲ್ಲ.

ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಇದಕ್ಕೆ ತಕ್ಕ ನಿದರ್ಶನ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದವುಗಳ ಉನ್ನತ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿದ ಈ ಯೋಜನೆ 2010ರಲ್ಲಿ ಮೊದಲು ರಾಜ್ಯದ ಉತ್ತರ ಭಾಗದಲ್ಲಿ ಆರಂಭವಾಯಿತು. ಸಂಶೋಧಕರು ಯೋಜನೆಯ ಗಡಿಯ ಒಳಗಿನ 300 ಹಳ್ಳಿಗಳನ್ನೂ ಹೊರಗಿನ 272 ಹಳ್ಳಿಗಳನ್ನೂ ಆರಿಸಿಕೊಂಡು ಮನೆಮನೆಯ ಸಮೀಕ್ಷೆ ನಡೆಸಿದರು. ಯೋಜನೆಗೆ ಒಳಪಟ್ಟ ರೋಗಗಳಿಂದ ಸಂಭವಿಸಿದ ಸಾವು, ಬಡ ಕುಟುಂಬಗಳಲ್ಲಿ, ಗಡಿಯೊಳಗೆ ಶೇಕಡಾ 0.32, ಹೊರಗೆ ಶೇಕಡಾ 0.90 ಎಂದು ಕಂಡುಬಂದಿತು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಎರಡು ಬದಿಯ ಹಳ್ಳಿಗಳು ಮೊದಲೇ ಬೇರೆಯಾಗಿದ್ದವೇನೋ ಎಂಬ ಸಂಶಯ ಸಹಜ. ಅದಕ್ಕೆ ಅಧ್ಯಯನದೊಳಗೇ ಎರಡು ಒರೆಗಲ್ಲುಗಳಿದ್ದವು. ಯೋಜನೆಗೆ ಅರ್ಹವಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಇಂಥ ಅಂತರ ಕಾಣಲಿಲ್ಲ; ಯೋಜನೆಗೆ ಸೇರದ ರೋಗಗಳ ಸಾವಿನಲ್ಲಿಯೂ ಕಾಣಲಿಲ್ಲ. ಹಳ್ಳಿಗಳ ಗುಣವೇ ಕಾರಣವಾಗಿದ್ದರೆ ಅಲ್ಲಿಯೂ ವ್ಯತ್ಯಾಸ ತೋರಬೇಕಾಗಿತ್ತು.

ಆದರೂ ಮಿತಿಯುಂಟು. ಸಾವಿನ ಕಾರಣ ಮನೆಯವರ ಹೇಳಿಕೆಯನ್ನು ಅವಲಂಬಿಸಿದೆ. ಹಳ್ಳಿಯ ಆರೋಗ್ಯ ಶಿಬಿರ, ಆಸ್ಪತ್ರೆಯ ಆರೋಗ್ಯಮಿತ್ರ, ಉಚಿತ ಶಸ್ತ್ರಚಿಕಿತ್ಸೆ – ಇವುಗಳಲ್ಲಿ ಯಾವುದು ಎಷ್ಟು ಫಲ ಕೊಟ್ಟಿತೆಂಬುದನ್ನು ಗಡಿಯ ಹೋಲಿಕೆಯೊಂದೇ ಬಿಡಿಸಿ ಹೇಳದು.

ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಈ ವಿವೇಕ ಹೊಸದಲ್ಲ. ಕವಿಯ ಮೂಲ ಪ್ರತಿ ದೊರೆಯದಿದ್ದಾಗ ಸಂಪಾದಕನು ಕೈಚೆಲ್ಲುವುದಿಲ್ಲ; ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ತೂಗಿ, ತನ್ನ ನಿರ್ಣಯ ಎಲ್ಲಿಯವರೆಗೆ ಸಲ್ಲುವುದೆಂಬುದನ್ನೂ ಬರೆದಿಡುತ್ತಾನೆ.

ಅಭ್ಯಾಸ: ‘ಯೋಜನೆ ಬಂದ ಮೇಲೆ ಸಾವು ಕಡಿಮೆಯಾಯಿತು’, ‘ಯೋಜನೆಯಿಂದ ಸಾವು ಕಡಿಮೆಯಾಯಿತು’ – ಈ ಎರಡು ವಾಕ್ಯಗಳ ಅರ್ಥಭೇದವನ್ನು ವಿವರಿಸಿ, ಎರಡನೆಯದನ್ನು ಬರೆಯಲು ಯಾವ ಆಧಾರ ಬೇಕೆಂಬುದನ್ನು ತಿಳಿಸಿ.