ಅಕ್ಕನ ರೋಗ, ತಂಗಿಯ ರಕ್ಷೆ

ಅಮೆರಿಕದ ವೈರಾಣುವಿಜ್ಞಾನಿ ಮಾರಿಸ್ ಹಿಲ್ಮನ್ (1919–2005) ಮೊಂಟಾನಾದ ಹಳ್ಳಿಗಾಡಿನಲ್ಲಿ ಕೋಳಿ ಸಾಕುತ್ತ ಬೆಳೆದವರು. 1963ರ ಒಂದು ರಾತ್ರಿ ಅವರ 5 ವರ್ಷದ ಮಗಳು ಜೆರಿಲ್ ಲಿನ್ ಮಂಗನಬಾವಿನಿಂದ ನರಳಿದಳು. ತಂದೆ ಅವಳ ಗಂಟಲಿನ ದ್ರವವನ್ನು ಪ್ರಯೋಗಾಲಯಕ್ಕೆ ಒಯ್ದರು. ಅದರಲ್ಲಿದ್ದ ವೈರಾಣುವನ್ನು ಕೋಳಿಮೊಟ್ಟೆಯಲ್ಲಿಯೂ ಕೋಳಿಭ್ರೂಣದ ಜೀವಕೋಶಗಳಲ್ಲಿಯೂ ಮತ್ತೆ ಮತ್ತೆ ಬೆಳೆಸಿದರು. ಕೋಳಿಯ ಜೀವಕೋಶಕ್ಕೆ ಒಗ್ಗಿದ ವೈರಾಣು ಮನುಷ್ಯನನ್ನು ಪೀಡಿಸುವ ಶಕ್ತಿಯನ್ನು ಕಳೆದುಕೊಂಡಿತು. ರೋಗನಿರೋಧವನ್ನು ಎಚ್ಚರಿಸುವ ಗುಣವನ್ನು ಉಳಿಸಿಕೊಂಡಿತು. ಲಸಿಕೆಯ ಮರ್ಮವೇ ಇದು.

ಈ ಲಸಿಕೆಗೆ 1967ರಲ್ಲಿ ಪರವಾನಗಿ ದೊರೆಯಿತು. ಅದಕ್ಕೂ ಮುನ್ನ ನಡೆದ ಪರೀಕ್ಷೆಯಲ್ಲಿ ಅದನ್ನು ಪಡೆದ ಶಿಶುಗಳಲ್ಲಿ ಹಿಲ್ಮನ್ನರ ಕಿರಿಯ ಮಗಳು ಕರ್ಸ್ಟನ್ ಕೂಡ ಒಬ್ಬಳು. ಅನ್ಯರ ಮಕ್ಕಳಿಗೆ ಕೊಡುವುದನ್ನು ತಂದೆ ತನ್ನ ಮಗುವಿಗೂ ಕೊಟ್ಟರು. ಸುಮಾರು 40 ಲಸಿಕೆಗಳನ್ನು ರೂಪಿಸಿದ ಅವರು ಯಾವುದಕ್ಕೂ ತಮ್ಮ ಹೆಸರಿಡಲಿಲ್ಲ. ಆ ವೈರಾಣು ತಳಿ ಇಂದಿಗೂ ‘ಜೆರಿಲ್ ಲಿನ್’ ಎಂದೇ ಪ್ರಸಿದ್ಧ.