ತಲೆಯಲ್ಲೊಂದು ಟಾರ್ಚು

ಪ್ರಶ್ನೆ: ಅಪ್ಪನಿಗೆ ಒಳ್ಳೆಯ ಸ್ಮಾರ್ಟ್‌ಫೋನ್ ಕೊಡಿಸಿದ್ದೆ. ಎರಡೇ ತಿಂಗಳಲ್ಲಿ ಅದನ್ನು ಮೊಮ್ಮಗನ ಕೈಗಿತ್ತು, ‘ನನಗೆ ಹಳೇ ಕೀಪ್ಯಾಡ್ ಮೊಬೈಲೇ ಸಾಕು’ ಅಂದುಬಿಟ್ಟರು. ನಮ್ಮಂಥ ದೇಶಗಳಲ್ಲಿ ಈ ಫೋನುಗಳು ಇನ್ನೂ ಮಾರಾಟವಾಗುವುದು ಅಗ್ಗ ಎಂಬ ಒಂದೇ ಕಾರಣಕ್ಕೋ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ನಿಮ್ಮ ತೋಟಕ್ಕೆ ತ್ರೀಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ? ನಡುರಾತ್ರಿ ದಾಟಿದ ಮೇಲಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕತ್ತಲಲ್ಲಿ ಬದುವಿನ ಮೇಲೆ ನಡೆದು ಹೋಗಿ ಪಂಪ್‌ಸೆಟ್ ಚಾಲೂ ಮಾಡಬೇಕಾದವರಿಗೆ ಕಾಲ ಬಳಿ ಹಾವಿದೆಯೋ ಇಲ್ಲವೋ ಕಾಣಬೇಕು. ಕೀಪ್ಯಾಡ್ ಮೊಬೈಲಿನ ತಲೆಯಲ್ಲಿರುವ ಟಾರ್ಚು ನಿದ್ದೆಗಣ್ಣಲ್ಲೇ ಗುಂಡಿ ಅದುಮಿದರೂ ಹತ್ತುತ್ತದೆ. ಕೈ ಒದ್ದೆಯಾಗಿರಲಿ, ಕೆಸರಾಗಿರಲಿ, ಗುದ್ದಲಿ ಹಿಡಿದು ಬೆರಳು ದಡ್ಡುಗಟ್ಟಿರಲಿ, ಗುಂಡಿಗೆ ತಕರಾರಿಲ್ಲ. ಟಚ್‌ಸ್ಕ್ರೀನಿನ ಕತೆ ಬೇರೆ. ಬೆರಳು ತಾಗಿದಾಗ ಪರದೆಯ ಮೇಲಿನ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅದು ಗುರುತಿಸಬೇಕು. ನೀರೂ ದಪ್ಪ ಚರ್ಮವೂ ಅದಕ್ಕೆ ಆಗಿಬರುವುದಿಲ್ಲ.

ಆ ಟಾರ್ಚು ಸುಮ್ಮನೆ ಬಂದು ಕೂತದ್ದಲ್ಲ. 2003ರಲ್ಲಿ ನೋಕಿಯಾ ಕಂಪನಿ ತಂದ 1100 ಮಾದರಿಯನ್ನು ನಮ್ಮಂಥ ದೇಶಗಳನ್ನೇ ಕಣ್ಣೆದುರಿಟ್ಟುಕೊಂಡು ರೂಪಿಸಿದ್ದರು. ಧೂಳು ಒಳಗೆ ಇಳಿಯದ ಕೀಲಿಮಣೆ, ಬೆವರುಗೈಯಲ್ಲಿ ಜಾರದಂಥ ಅಂಚು, ತುದಿಗೊಂದು ಟಾರ್ಚು. ಕ್ಯಾಮೆರಾ ಇಲ್ಲ, ಬಣ್ಣದ ಪರದೆಯೂ ಇಲ್ಲ. ಹಾಗಿದ್ದೂ 25 ಕೋಟಿಗೂ ಹೆಚ್ಚು ಮಾರಾಟವಾಯಿತು. 2005ರಲ್ಲಿ ನೋಕಿಯಾ ತನ್ನ ನೂರು ಕೋಟಿಯನೆಯ ಫೋನನ್ನು ಮಾರಿದ್ದು ನೈಜೀರಿಯಾದಲ್ಲಿ, ಅದೂ ಒಂದು 1100. ಒಂದು ಫೋನನ್ನು ಇಡೀ ಮನೆ ಬಳಸುವ ಪದ್ಧತಿ ಈ ದೇಶಗಳಲ್ಲಿ ಇದ್ದದ್ದನ್ನು ಕಂಡು, 2007ರ 1200 ಮಾದರಿಯಲ್ಲಿ ಬೇರೆ ಬೇರೆಯವರಿಗೆ ಬೇರೆ ಬೇರೆ ನಂಬರುಪಟ್ಟಿ ಇಟ್ಟುಕೊಳ್ಳುವ ಅನುಕೂಲವನ್ನೂ ಕೊಟ್ಟರು. ಅತ್ತೆಯ ನಂಬರುಗಳು ಒಂದು ಕಡೆ, ಸೊಸೆಯವು ಇನ್ನೊಂದು ಕಡೆ. ಮನೆಯ ಶಾಂತಿಗೆ ಇದು ಎಷ್ಟು ನೆರವಾಯಿತೋ!

ಇನ್ನು ದುಡ್ಡಿನ ಮಾತು. ಫೋನು ಕೊಳ್ಳುವಾಗ ಕೊಟ್ಟ ದುಡ್ಡು ಒಂದು ಸಲದ್ದು. ಆಮೇಲೆ ಚಾರ್ಜು, ರಿಪೇರಿ, ಕರೆನ್ಸಿ ಎಂದು ದಿನವೂ ಜೇಬಿಗೆ ಕೈ ಹಾಕಿಸುವುದು ಬೇರೆಯೇ ಇದೆ. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಮನೆಗೆ ವಿದ್ಯುತ್ತಿಲ್ಲ. ಅಂಗಡಿಗೆ ಒಯ್ದು ಕಾಸು ಕೊಟ್ಟು ಚಾರ್ಜ್ ಮಾಡಿಸುತ್ತಾರೆ. ಅಂಥಲ್ಲಿ ದಿನಕ್ಕೊಮ್ಮೆ ಹಸಿಯುವ ಫೋನಿಗಿಂತ ನಾಲ್ಕು ದಿನಕ್ಕೊಮ್ಮೆ ಹಸಿಯುವ ಫೋನು ಎಷ್ಟು ಅಗ್ಗ ಎಂದು ಹೇಳಬೇಕಿಲ್ಲ. 1100ರಲ್ಲಿದ್ದ ಬಿಎಲ್-5ಸಿ ಬ್ಯಾಟರಿ ಹತ್ತಾರು ಮಾದರಿಗಳಿಗೆ ಕೂರುತ್ತಿತ್ತು. ಬೇರೆ ಕಂಪನಿಗಳೂ ಅದೇ ಅಳತೆಯನ್ನು ಹಿಡಿದವು, ಸಂತೆಯಲ್ಲಿ ಸಿಗುವ ಪುಟ್ಟ ರೇಡಿಯೋಗಳಿಗೂ ಅದೇ ಬಂತು. ಹಿಂದಿನ ಮುಚ್ಚಳ ಉಗುರಲ್ಲೇ ಬಿಚ್ಚಿ, ಹಳೆಯದು ತೆಗೆದು ಹೊಸದು ಹಾಕಿದರೆ ಮುಗಿಯಿತು. ಅಂಟು ಹಾಕಿ ಮುಚ್ಚಿದ ಇವತ್ತಿನ ಫೋನು ಬಿಚ್ಚಲು ಪೇಟೆಗೇ ಹೋಗಬೇಕು.

ಕರೆನ್ಸಿಯ ವಿಷಯ ಇದಕ್ಕಿಂತ ಸ್ವಾರಸ್ಯದ್ದು. 1995ರಲ್ಲಿ ನಮ್ಮಲ್ಲಿ ಮೊಬೈಲ್ ಶುರುವಾದಾಗ ಒಳಬರುವ ಕರೆಗೂ ದುಡ್ಡು ತೆರಬೇಕಿತ್ತು. ಅದು ಉಚಿತವಾದದ್ದು 2003ರಲ್ಲಿ, 1100 ಬಂದ ವರ್ಷವೇ. ಅಲ್ಲಿಂದ, ಕರೆನ್ಸಿ ಖಾಲಿಯಾದರೂ ಫೋನು ಕೆಲಸಕ್ಕೆ ಬರತೊಡಗಿತು. ಜನ ಮಿಸ್ ಕಾಲನ್ನೇ ಒಂದು ಭಾಷೆ ಮಾಡಿಕೊಂಡರು. ಒಂದು ಸಲ ಬಡಿದರೆ ‘ಬಸ್ಸು ಹತ್ತಿದೆ’, ಎರಡು ಸಲ ಬಡಿದರೆ ‘ನೀನೇ ಮಾಡು’. ಈ ಕಂಜೂಸುತನದ ಮೇಲೇ ವ್ಯಾಪಾರ ಕಟ್ಟಿದ ಜಿಪ್‌ಡಯಲ್ ಎಂಬ ಬೆಂಗಳೂರಿನ ಕಂಪನಿಯನ್ನು 2015ರಲ್ಲಿ ಟ್ವಿಟರ್ ಕೊಂಡುಕೊಂಡಿತು. ಕೀನ್ಯಾದಲ್ಲಿ 2007ರಲ್ಲಿ ಬಂದ ಎಂ-ಪೆಸಾ ಇದಕ್ಕಿಂತ ದೊಡ್ಡ ಹೆಜ್ಜೆ. ಇಂಟರ್ನೆಟ್ಟೇ ಇಲ್ಲದ ಸಾದಾ ಫೋನಿನ ಸಿಮ್ ಮೆನುವಿನಿಂದಲೇ ನೈರೋಬಿಯ ದುಡಿಮೆಗಾರ ಊರಿನ ತಾಯಿಗೆ ಹಣ ಕಳಿಸತೊಡಗಿದ. ನಮ್ಮ ರಿಸರ್ವ್ ಬ್ಯಾಂಕು ಸಾದಾ ಫೋನಿಗೆಂದೇ ಯುಪಿಐ 123ಪೇ ತಂದದ್ದು 2022ರಲ್ಲಿ.

ಹಾಗೆಂದು ಕೀಪ್ಯಾಡ್ ಫೋನನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಮಕ್ಕಳ ಪಾಠ, ಪಹಣಿ, ವಿಡಿಯೋ ಕರೆ ಎಲ್ಲಕ್ಕೂ ದೊಡ್ಡ ಪರದೆ ಬೇಕು. 2023ರಿಂದ ಉದ್ಯೋಗ ಖಾತ್ರಿಯ ಹಾಜರಿಯನ್ನೂ ಆ್ಯಪ್‌ನಲ್ಲೇ ಹಾಕಬೇಕೆಂದು ಕಡ್ಡಾಯ ಮಾಡಿದರು. ಸರ್ಕಾರವೇ ಸ್ಮಾರ್ಟ್‌ಫೋನ್ ಕೇಳತೊಡಗಿದಾಗ ಬಡವ ಬೇಡವೆನ್ನುವುದಾದರೂ ಹೇಗೆ?

ನನಗೆ ಸಿಟ್ಟು ಬರುವುದು ರೀಚಾರ್ಜಿನ ವಿಷಯಕ್ಕೆ. ಹತ್ತು ರೂಪಾಯಿಯ ಕರೆನ್ಸಿ ಹಾಕಿಸಿ ತಿಂಗಳು ತಳ್ಳುವ ಕಾಲ ಹೋಯಿತು. ಫೋನಿಗೆ ಇಂಟರ್ನೆಟ್ಟೇ ಬಾರದಿದ್ದರೂ ಡೇಟಾ ಸೇರಿಸಿದ ಪ್ಯಾಕಿಗೇ ದುಡ್ಡು ತೆರಬೇಕಾಗಿತ್ತು. ಊಟಕ್ಕೆ ಕೂತವನಿಗೆ ಬೇಡದ ಪಾಯಸದ ಬಿಲ್ಲನ್ನೂ ಹಾಕಿದ ಹಾಗೆ. ಮಾತು ಮತ್ತು ಎಸ್‌ಎಂಎಸ್ ಅಷ್ಟೇ ಇರುವ ಒಂದು ಪ್ಯಾಕನ್ನಾದರೂ ಎಲ್ಲ ಕಂಪನಿಗಳೂ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅಂಗಡಿಯವರು ತಾವಾಗಿ ಹೇಳದೆ ಹೋಗಬಹುದು. ಮುಂದಿನ ಸಲ ತಂದೆಯವರ ನಂಬರಿಗೆ ಹಾಕಿಸುವಾಗ ಅದನ್ನೇ ಕೇಳಿ. ಹೊಸ ಕೀಪ್ಯಾಡ್ ಫೋನು ಕೊಡಿಸುವುದಾದರೆ 4ಜಿ ಇರುವುದನ್ನೇ ನೋಡಿ. 2ಜಿ ಇಲ್ಲದ ಜಾಲವೂ ಇದೆ. ಟಾರ್ಚಿನ ಗುಂಡಿ ಎಲ್ಲಿದೆ ಎಂದು ಮಾತ್ರ ಅವರ ಕೈಯಲ್ಲೇ ಒತ್ತಿಸಿ ನೋಡಿಯೇ ಕೊಳ್ಳಿ.