ಕೇಳಿ ನಿರ್ಧರಿಸೋಣ



ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಕಿವುಡರಿಗಾಗಿ ಗ್ಯಾಲಡೆಟ್ ವಿಶ್ವವಿದ್ಯಾಲಯವಿದೆ. 1864ರಲ್ಲಿ ಕಾಲೇಜಾದಂದಿನಿಂದ 124 ವರ್ಷ ಕಿವಿ ಕೇಳುವವರೇ ಅದರ ಅಧ್ಯಕ್ಷರಾಗಿದ್ದರು. 1988ರ ಮಾರ್ಚ್ 6ರಂದು, ಕೊನೆಯ ಮೂವರು ಅಭ್ಯರ್ಥಿಗಳಲ್ಲಿ ಇಬ್ಬರು ಕಿವುಡರಿದ್ದರೂ, ಆಡಳಿತ ಮಂಡಳಿ ಸನ್ನೆ ಭಾಷೆ ಬಾರದ ಎಲಿಜಬೆತ್ ಜಿನ್ಸರ್ ಅವರನ್ನು ಆರಿಸಿತು. ಮರುದಿನವೇ ವಿದ್ಯಾರ್ಥಿಗಳು ಗೇಟು ಮುಚ್ಚಿ ಪ್ರತಿಭಟಿಸಿದರು. ವಾರದೊಳಗೆ ಜಿನ್ಸರ್ ಹಿಂದೆ ಸರಿದರು. ಮಾರ್ಚ್ 13ರಂದು ಐ. ಕಿಂಗ್ ಜೋರ್ಡನ್ ಅಲ್ಲಿನ ಮೊದಲ ಕಿವುಡ ಅಧ್ಯಕ್ಷರಾದರು.

ಹಿತ ಬಯಸುವವರೂ ಕೇಳದೆ ನಿರ್ಧರಿಸಿದರೆ ಅನ್ಯಾಯವಾಗುತ್ತದೆ.

ಸಂತ ಮಾರ್ಕನ ಶುಭಸಂದೇಶ 7:31-37 ಓದಿರಿ. ಜನರು ಕಿವುಡನೊಬ್ಬನನ್ನು ಕರೆತಂದು ಅವನಿಗಾಗಿ ಬೇಡಿಕೊಂಡರು. ಯೇಸುಸ್ವಾಮಿಯಾದರೋ ಅವನನ್ನು ಗುಂಪಿನಿಂದ ಆಚೆ ಕರೆದೊಯ್ದು, ಅವನ ಕಿವಿ, ನಾಲಿಗೆಗಳನ್ನು ಮುಟ್ಟಿದರು. ಅವನಿಗೆ ತಿಳಿಯುವ ರೀತಿಯಲ್ಲೇ ಮೊದಲು ಅವನನ್ನು ಮಾತಾಡಿಸಿದರು.

ನಮ್ಮ ದಢೇಸುಗೂರಿನ ಸುತ್ತಲ ಮನೆಗಳಲ್ಲಿ ಕಿವುಡ ಮಗನ ಓದು, ಮಗಳ ಮದುವೆ, ಹೊಲದ ಪಾಲು ನಿರ್ಧರಿಸುವಾಗ ಅವರನ್ನು ಕೇಳುತ್ತೇವೆಯೇ? ಅವರಿಗೆ ಮುಟ್ಟದ ಪ್ರಬೋಧನೆ ಮಾಡುವ ಗುರುವಾದ ನನಗೂ ಇದೇ ಪ್ರಶ್ನೆ.

ಈ ವಾರದ ಅಭ್ಯಾಸ: ಕುಟುಂಬ ಪ್ರಾರ್ಥನೆಯನ್ನು ಅವರೇ ನಡೆಸಲಿ, ನಾವು ಅವರ ಸನ್ನೆಗಳನ್ನು ಕಲಿಯೋಣ. ಶಿಲುಬೆಯ ಗುರುತೂ ಕೈಯಿಂದ ಮಾಡುವ ಪ್ರಾರ್ಥನೆಯೇ ಅಲ್ಲವೇ?